ಅಜ್ಜಿಯ ವೀಸಾ ಮುಗಿದ ಮೇಲೆ: ಜರ್ಮನಿಯಲ್ಲಿ ಅಪ್ಪನ ರಜೆ

ದಾವಣಗೆರೆಯ ಮನೆಗಳಲ್ಲಿ ಬಾಣಂತನವೆಂದರೆ ತವರಿನ ಹೊಣೆ. ಮಗುವಿಗೆ ಎಣ್ಣೆ ಹಚ್ಚಿ ಎರೆಯುವುದರಿಂದ ಹಿಡಿದು ನಡುರಾತ್ರಿ ಎದ್ದು ತೊಟ್ಟಿಲು ತೂಗುವವರೆಗೆ ಎಲ್ಲವನ್ನೂ ಅಜ್ಜಿಯೇ ನೋಡಿಕೊಳ್ಳುತ್ತಾರೆ. ಅಪ್ಪ ವಾರಕ್ಕೊಮ್ಮೆ ಬಂದು ಹೋದರೂ ಯಾರೂ ತಪ್ಪೆಣಿಸುವುದಿಲ್ಲ. ಅದೇ ದಂಪತಿ ಜರ್ಮನಿಯಲ್ಲಿದ್ದರೆ ಅಜ್ಜಿಯನ್ನು ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದ ಮೇಲೆ ಕರೆಸಿಕೊಳ್ಳಬೇಕು. ಆ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ 90 ದಿನ ಮಾತ್ರ ಇರಬಹುದು. ಅಜ್ಜಿ ದಾವಣಗೆರೆಗೆ ಮರಳಿದ ಮೇಲೆ ಮನೆಯಲ್ಲಿ ಎರಡನೆಯ ಜೋಡಿ ಕೈ ಯಾರದು ಎಂಬ ಪ್ರಶ್ನೆಗೆ ಅಲ್ಲಿನ ಕಾನೂನೇ ಅಪ್ಪನನ್ನು ತೋರಿಸುತ್ತದೆ. ಆದರೂ ನಮ್ಮವರಲ್ಲಿ ಹಲವರು ಅಪ್ಪನ ರಜೆಯನ್ನು ಕಂಪನಿ ತೋರುವ ಉದಾರತೆಯೆಂದು ಭಾವಿಸಿ, ಕೇಳುವುದಕ್ಕೇ ಹಿಂಜರಿಯುತ್ತಾರೆ.

ಮೊದಲು ತಿಳಿಯಬೇಕಾದದ್ದು, ರಜೆ ಮತ್ತು ಭತ್ಯೆ ಎರಡೂ ಬೇರೆ ಬೇರೆ ಎಂಬುದು. ಎಲ್ಟರ್ನ್‌ಟ್ಸೈಟ್ ಎನ್ನುವುದು ರಜೆ. ಅದನ್ನು ಕೆಲಸ ಕೊಟ್ಟವರಿಗೆ ತಿಳಿಸಬೇಕು. ಎಲ್ಟರ್ನ್‌ಗೆಲ್ಡ್ ಎನ್ನುವುದು ಹಣ. ಅದಕ್ಕೆ ಸರ್ಕಾರದ ಭತ್ಯೆ ಕಚೇರಿಗೆ ಅರ್ಜಿ ಹಾಕಬೇಕು. ಒಂದಕ್ಕೆ ಹಾಕಿದ ಅರ್ಜಿ ಇನ್ನೊಂದಕ್ಕೆ ಸಲ್ಲುವುದಿಲ್ಲ.

ತಾಯಿಗೂ ತಂದೆಗೂ ತಲಾ ಮೂರು ವರ್ಷಗಳವರೆಗೆ ರಜೆಯ ಹಕ್ಕಿದೆ. ಮಗುವಿಗೆ ಮೂರು ವರ್ಷ ತುಂಬುವ ಮುನ್ನ ತೆಗೆದುಕೊಳ್ಳುವ ರಜೆಯನ್ನು ಏಳು ವಾರ ಮೊದಲೇ ತಿಳಿಸಬೇಕು. 2025ರ ಮೇ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗಾದರೆ ಇಮೇಲ್ ಸಾಕು. ಕಂಪನಿ ಇದನ್ನು ನಿರಾಕರಿಸುವಂತಿಲ್ಲ, ರಜೆಯಲ್ಲಿರುವವನನ್ನು ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತೆಯೂ ಇಲ್ಲ. ಒಂದು ಎಚ್ಚರ: ಮೊದಲ ಅರ್ಜಿಯಲ್ಲಿಯೇ ಮುಂದಿನ ಎರಡು ವರ್ಷಗಳ ಯೋಜನೆಯನ್ನು ಬರೆಯಬೇಕು. ಈಗ ಒಂದು ತಿಂಗಳು ಎಂದಷ್ಟೇ ಬರೆದು ಮುಂದಿನದನ್ನು ಆಮೇಲೆ ನೋಡೋಣವೆಂದು ಬಿಟ್ಟರೆ, ಆ ಎರಡು ವರ್ಷಗಳೊಳಗಿನ ಮತ್ತೊಂದು ತಿಂಗಳಿಗೆ ಕಂಪನಿಯ ಒಪ್ಪಿಗೆಯನ್ನು ಕಾಯಬೇಕಾಗುತ್ತದೆ.

ಭತ್ಯೆಯ ವಿಷಯದಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಮೂಲ ಭತ್ಯೆ ಸಾಮಾನ್ಯವಾಗಿ ಕೈಗೆ ಬರುವ ಸಂಬಳದ ಶೇ. 65ರಷ್ಟು, ತಿಂಗಳಿಗೆ ಕನಿಷ್ಠ 300, ಗರಿಷ್ಠ 1,800 ಯೂರೊ. ಇಬ್ಬರಿಗೂ ಸೇರಿ 12 ತಿಂಗಳು, ಇಬ್ಬರೂ ತಲಾ ಎರಡು ತಿಂಗಳಾದರೂ ಪಡೆದರೆ 14 ತಿಂಗಳು. ಇಲ್ಲಿ ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳಲ್ಲ, ಮಗುವಿನ ತಿಂಗಳು. ಜುಲೈ 10ರಂದು ಹುಟ್ಟಿದ ಮಗುವಿಗೆ ತಿಂಗಳು 10ರಿಂದ ಮುಂದಿನ 9ರವರೆಗೆ. ಅಪ್ಪ ಆಗಸ್ಟ್ 1ರಿಂದ 31ರವರೆಗೆ ರಜೆ ಹಾಕಿದರೆ ಮಗುವಿನ ಎರಡು ತಿಂಗಳುಗಳಲ್ಲೂ ಅವನ ಸಂಬಳ ಬಂದು ಸೇರುತ್ತದೆ, ಭತ್ಯೆಯ ಬಹುಪಾಲು ಅದರಲ್ಲೇ ಕರಗಿ ಹೋಗುತ್ತದೆ. ಅರ್ಜಿ ತಡವಾದರೆ ಹಿಂದಿನ ಮೂರು ತಿಂಗಳಿಗೆ ಮಾತ್ರ ಹಣ ಸಿಗುತ್ತದೆ. ಭತ್ಯೆಗೆ ತೆರಿಗೆಯಿಲ್ಲದಿದ್ದರೂ ಅದು ಉಳಿದ ಆದಾಯದ ತೆರಿಗೆ ದರವನ್ನು ಏರಿಸುವುದರಿಂದ, ಸ್ವಲ್ಪ ಹಣವನ್ನು ಎತ್ತಿಡುವುದು ಒಳ್ಳೆಯದು. 2025ರ ಏಪ್ರಿಲ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳ ವಿಷಯದಲ್ಲಿ, ತೆರಿಗೆಗೆ ಒಳಪಡುವ ವಾರ್ಷಿಕ ಆದಾಯ 1,75,000 ಯೂರೊ ಮೀರಿದ ಕುಟುಂಬಕ್ಕೆ ಭತ್ಯೆ ಇಲ್ಲ.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಎರಡು ತಿಂಗಳು ಭತ್ಯೆ ಪಡೆದು ಊರಿಗೆ ಹೋಗಿ ಬರುವ ಪದ್ಧತಿ ನಮ್ಮವರಲ್ಲಿ ಇತ್ತು. 2024ರ ಏಪ್ರಿಲ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಅದು ನಡೆಯುವುದಿಲ್ಲ; ಅವಳಿ ಮಕ್ಕಳಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಇಬ್ಬರೂ ಏಕಕಾಲಕ್ಕೆ ಮೂಲ ಭತ್ಯೆ ಪಡೆಯಲು ಮೊದಲ ವರ್ಷದೊಳಗೆ ಒಂದೇ ತಿಂಗಳ ಅವಕಾಶ. ಈ ಬದಲಾವಣೆ ಅಪ್ಪಂದಿರಿಗೆ ಒಳ್ಳೆಯದೇ ಎಂಬುದು ನನ್ನ ಅಭಿಪ್ರಾಯ. ಒಂದು ತಿಂಗಳನ್ನು ಜೊತೆಯಾಗಿ ಊರಿನಲ್ಲಿ ಕಳೆದು, ಇನ್ನೊಂದನ್ನು ತಾಯಿ ಕೆಲಸಕ್ಕೆ ಮರಳುವ ದಿನಗಳಿಗೆ ಇಟ್ಟುಕೊಳ್ಳಬೇಕು. ಹಗಲೆಲ್ಲ ತಾನೊಬ್ಬನೇ ಇದ್ದಾಗ ಮಾತ್ರ, ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು ಎಂಬುದು ಅಪ್ಪನಿಗೆ ತಿಳಿಯುತ್ತದೆ. ಮಕ್ಕಳ ವೈದ್ಯರ ಬಳಿಗೆ, ಮಗುವಿನ ತಪಾಸಣೆಗಳನ್ನು ದಾಖಲಿಸುವ ಹಳದಿ ಪುಸ್ತಕ ಹಿಡಿದು ಹೋಗುವುದೂ ಅಪ್ಪನ ಕೆಲಸವಾಗಲಿ. ಆ ತಪಾಸಣೆಗಳ ಸಾಲಿನಲ್ಲಿ ಯು5 ಎಂದು ಕರೆಯುವ, ಆರು ಏಳನೆಯ ತಿಂಗಳ ತಪಾಸಣೆಯನ್ನು ಮುಗಿಸಿಕೊಂಡು ಊರಿಗೆ ಹೊರಡುವುದು ಅನುಕೂಲ.

ಹೊರಡುವ ಮುನ್ನ ಕಾಗದಪತ್ರಗಳ ಕೆಲಸವಿದೆ. ಮಗು ಭಾರತದ ಪ್ರಜೆಯಾಗಬೇಕಾದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನವನ್ನು ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು, ಬಳಿಕ ಮಗುವಿನ ಹೆಸರಿನಲ್ಲೇ ಜರ್ಮನಿಯ ವಾಸದ ಪರವಾನಗಿಯನ್ನೂ ಪಡೆಯಬೇಕು. ಜರ್ಮನಿಯಲ್ಲಿ ಕ್ಷಯದ ಬಿಸಿಜಿ ಲಸಿಕೆಯನ್ನು 1998ರಿಂದ ಶಿಫಾರಸು ಮಾಡುತ್ತಿಲ್ಲ, ದಡಾರದ ಮೊದಲ ಡೋಸ್ ಸಾಮಾನ್ಯವಾಗಿ 11ನೆಯ ತಿಂಗಳಿಗೆ. ಊರಿನ ಪ್ರಯಾಣದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ ದಾವಣಗೆರೆಯ ಆಸ್ಪತ್ರೆಯ ಖರ್ಚನ್ನು ಭರಿಸುವುದಿಲ್ಲವಾದ್ದರಿಂದ ಮಗುವಿನ ಹೆಸರೂ ಇರುವ ಪ್ರಯಾಣ ವಿಮೆ ಬೇಕು.

ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿ.ಮೀ. ಕಾರಿನಲ್ಲಾದರೆ ಮಗುವಿನ ಸೀಟನ್ನು ಜರ್ಮನಿಯಿಂದಲೇ ತಂದು, ಶಿರಾ ಅಥವಾ ಹಿರಿಯೂರಿನ ಬಳಿ ನಿಲ್ಲಿಸಿ ಮಗುವನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಅಡ್ಡಾಡಬೇಕು. ಧಾರವಾಡದ ಕಡೆಗೆ ಹೋಗುವ ವಂದೇ ಭಾರತ್ ರೈಲು ದಾವಣಗೆರೆಯಲ್ಲಿ ನಿಲ್ಲುತ್ತದೆ. ಜರ್ಮನಿಯ ಐಸಿಇ ಎಂಬ ವೇಗದ ರೈಲುಗಳಲ್ಲಿರುವಂತೆ ಕೂಸುಗಳಿಗೆಂದೇ ಕಾಯ್ದಿರಿಸಬಹುದಾದ ಕೋಣೆ ಇದರಲ್ಲಿಲ್ಲ, ಆದ್ದರಿಂದ ಕೂತಲ್ಲೇ ಬಟ್ಟೆ ಬದಲಿಸಲು ಒಂದು ಮೇಣಬಟ್ಟೆ ಕೈಚೀಲದಲ್ಲಿರಲಿ.

ಮಾರ್ಚ್‌ನಿಂದ ಮೇವರೆಗಿನ ದಾವಣಗೆರೆಯ ಬಿಸಿಲು ಕೂಸಿಗೆ ಕಷ್ಟ. ನವೆಂಬರ್‌ನಿಂದ ಫೆಬ್ರುವರಿಯೊಳಗೆ ಬರುವುದು ಹಿತ. ಮರಳುವ ಟಿಕೆಟ್ಟನ್ನು ರಜೆಯ ಕೊನೆಯ ದಿನಕ್ಕೆ ಮಾಡಿಸದೆ ಒಂದು ವಾರ ಮೊದಲೇ ಮಾಡಿಸಬೇಕು, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯಿರುವ ಸಮಯದ ವ್ಯತ್ಯಾಸಕ್ಕೆ ಮಗುವಿನ ನಿದ್ದೆ ಹೊಂದಿಕೊಳ್ಳುವವರೆಗೂ ಅಪ್ಪ ಮನೆಯಲ್ಲಿರಬೇಕಾಗುತ್ತದೆ.