ಮನೆಯ ಕಸ ನೆಲದಲ್ಲಿ ಎಷ್ಟು ಜಾಗ ಹಿಡಿಯುತ್ತದೆ?

ಒಂದು ವಾರ ಕಸವನ್ನು ತೂಗಿ ಬರೆದಿಡಿ. ಚೀಲವನ್ನು ನೇರವಾಗಿ ತೂಕದ ಯಂತ್ರದ ಮೇಲಿಟ್ಟರೆ ಅಂಕಿಯೇ ಕಾಣದಂತೆ ಮುಚ್ಚಿಕೊಳ್ಳುತ್ತದೆ. ಚೀಲ ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು ಕಳೆಯಿರಿ. ಒಂದೇ ದಿನದ ತೂಕವನ್ನು 365ರಿಂದ ಗುಣಿಸಬೇಡಿ. ನಾನು ಹಾಗೆ ಮಾಡಿ ಬೆಚ್ಚಿಬಿದ್ದಿದ್ದೆ. ಅದು ಅಟ್ಟ ಗುಡಿಸಿದ ದಿನ! ವಾರದ ಮೊತ್ತವನ್ನು 52ರಿಂದ ಗುಣಿಸುವುದೇ ಮೇಲು.

ವಾರಕ್ಕೆ 14 ಕಿಲೋ ಎಂದಿಟ್ಟುಕೊಳ್ಳಿ, ವರ್ಷಕ್ಕೆ 728 ಆಯಿತು. ಇನ್ನು ತೂಕದಿಂದ ಜಾಗಕ್ಕೆ ಬರಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಬುಟ್ಟಿಯಲ್ಲಿ ಸಡಿಲವಾಗಿ ಬಿದ್ದ ಕಸ ಘನ ಮೀಟರಿಗೆ ಅಂದಾಜು 100ರಿಂದ 150 ಕಿಲೋ ತೂಗುತ್ತದೆ. ಲ್ಯಾಂಡ್‌ಫಿಲ್‌ನಲ್ಲಿ, ಅಂದರೆ ಊರ ಕಸವನ್ನು ಹೂಳುವ ಜಾಗದಲ್ಲಿ, ಭಾರೀ ಯಂತ್ರ ಹರಿಸಿ ಅದುಮಿದ ಮೇಲೆ ಅದೇ 600ರ ಆಸುಪಾಸಿಗೆ ಏರುತ್ತದೆ. ಹಾಗಾಗಿ 728 ÷ 600, ಅಂದರೆ ಸುಮಾರು 1.2 ಘನ ಮೀಟರ್. ಮೇಲೆ ಹೊದಿಸುವ ಮಣ್ಣಿಗೆಂದು ಕಾಲು ಭಾಗ ಕೂಡಿಸಿದರೆ 1.5. ಇಂಥ ಸಾವಿರ ಮನೆಗಳ ಕಸವನ್ನು 10 ಮೀಟರ್ ಎತ್ತರಕ್ಕೆ ಪೇರಿಸಿದರೂ ಪ್ರತಿವರ್ಷ 150 ಚದರ ಮೀಟರ್ ನೆಲ ಬೇಕು.

ಹಸಿ ಕಸವನ್ನು ಬೇರೆಯೇ ತೂಗಿ. ಅದನ್ನು ಗೊಬ್ಬರ ಮಾಡುವವರಾದರೆ ಭಾಗಿಸುವ ಮೊದಲೇ ಆ ತೂಕವನ್ನು ಕಳೆದುಬಿಡಿ; ಉಳಿಯುವ ಅಂಕಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಇಲ್ಲಿ ಬರೆಯಿರಿ.