ಮಳೆಗಾಲದ ತೋಟಕ್ಕೆ ಡಿಜಿಟಲ್ ನೋಟ್‌ಪ್ಯಾಡ್: ಕೈಬರಹದ ಟಿಪ್ಪಣಿ ಇಡುವ ಕ್ರಮ

ಮಲೆನಾಡಿನ ಮಳೆಗಾಲಕ್ಕೆ ಕಾಗದದ ಪುಸ್ತಕ ಒಗ್ಗುವುದಿಲ್ಲ. ಹಾಳೆ ಅಂಟಿಕೊಳ್ಳುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಆಗಸ್ಟ್ ಹೊತ್ತಿಗೆ ರಟ್ಟಿಗೆ ಬೂಸು ಬಂದಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಅಡಿಕೆ ತೋಟಗಳಿಗೆ ಹೋಗಿ ರೋಗ ನೋಡಿ ಸಲಹೆ ಹೇಳುವುದು ನನ್ನ ಕೆಲಸ. ಕೊಳೆ ರೋಗ ಯಾವ ಸಾಲಿನಿಂದ ಶುರುವಾಯಿತು, ಮದ್ದು ಯಾವತ್ತು ಹೊಡೆದದ್ದು, ಬಸಿಗಾಲುವೆಯಲ್ಲಿ ನೀರು ಎಲ್ಲಿ ನಿಂತಿದೆ, ಇವನ್ನೆಲ್ಲ ಮರದ ಬುಡದಲ್ಲಿ ನಿಂತೇ ಬರೆದುಕೊಳ್ಳಬೇಕು. ಮನೆಗೆ ಬಂದು ನೆನಪಿನಿಂದ ಬರೆದದ್ದನ್ನು ನಾನು ನಂಬುವುದಿಲ್ಲ. ಫೋನಿನಲ್ಲಿ ಮಾತು ಟೈಪ್ ಮಾಡಬಹುದು, ತೋಟದ ನಕ್ಷೆ ಟೈಪ್ ಮಾಡಲು ಬರುವುದಿಲ್ಲ. ಅದಕ್ಕೇ ಡಿಜಿಟಲ್ ನೋಟ್‌ಪ್ಯಾಡ್ ಬೇಕು ಅನ್ನುವುದು.

ಅಂಗಡಿಯಲ್ಲಿ ಈ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ವಸ್ತುವಲ್ಲ. ಕೆಲವೇ ನೂರು ರೂಪಾಯಿಗೆ ಸಿಗುವ ಎಲ್‌ಸಿಡಿ ಸ್ಲೇಟಿನಲ್ಲಿ ಒತ್ತಿದ ಕಡೆ ಗೆರೆ ಮೂಡುತ್ತದೆ. ಒಳಗಿರುವ ಬಟನ್ ಸೆಲ್ ಅಳಿಸುವುದಕ್ಕೆ ಮಾತ್ರ. ಬರೆದದ್ದನ್ನು ಅದು ಉಳಿಸಿಡುವುದಿಲ್ಲ, ಗುಂಡಿ ಒತ್ತಿದರೆ ಇಡೀ ಹಲಗೆ ಖಾಲಿ. ಕೂಲಿ ಲೆಕ್ಕ, ಎಷ್ಟು ಡ್ರಮ್ ಮದ್ದು ಖರ್ಚಾಯಿತು ಎನ್ನುವುದಕ್ಕೆ ಅದು ಸಾಕು. ಅಳಿಸುವ ಮೊದಲು ಫೋನಿನಲ್ಲಿ ಫೋಟೊ ತೆಗೆಯಿರಿ.

ರಿಮಾರ್ಕಬಲ್, ಕಿಂಡಲ್ ಸ್ಕ್ರೈಬ್, ಬೂಕ್ಸ್‌ನಂಥ ಇ-ಇಂಕ್, ಅಂದರೆ ಕಾಗದದಂತೆ ಕಾಣುವ ಪರದೆಯ ನೋಟ್‌ಪ್ಯಾಡುಗಳು ಬೇರೆ ಜಾತಿ. ಪರದೆಯಲ್ಲಿ ಚಿತ್ರ ಬದಲಾಗುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕಾದ್ದರಿಂದ ಚಾರ್ಜು ಬಹಳ ದಿನ ಬರುತ್ತದೆ. ಗಾಳಿಮಳೆಗೆ ಕರೆಂಟು ಹೋದರೆ ಮರುದಿನವೂ ಬರದ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಬಿಸಿಲಿನಲ್ಲಂತೂ ಅಚ್ಚುಹಾಕಿದ ಕಾಗದದಷ್ಟೇ ಸ್ಪಷ್ಟ. ಆದರೆ ನಮಗೆ ಬಿಸಿಲಿಗಿಂತ ಕತ್ತಲೆಯ ಚಿಂತೆ ಜಾಸ್ತಿ. ಜುಲೈ ಸಂಜೆ ನಾಲ್ಕಕ್ಕೇ ತೋಟದೊಳಗೆ ಮಬ್ಬು. 2020ರ ರಿಮಾರ್ಕಬಲ್ 2ರಲ್ಲಿ ಸ್ವಂತ ಬೆಳಕಿಲ್ಲ. 2022ರಲ್ಲಿ ಬಂದ ಕಿಂಡಲ್ ಸ್ಕ್ರೈಬ್‌ನಲ್ಲಿ ಇದೆ. ಇ-ಇಂಕ್ ಕೊಳ್ಳುವುದಾದರೆ ಬೆಳಕಿರುವುದನ್ನೇ ಕೊಳ್ಳಿ.

ನನ್ನ ಕೆಲಸಕ್ಕೆ ಮಾತ್ರ ಪೆನ್ನಿರುವ ಸಾಧಾರಣ ಟ್ಯಾಬ್ಲೆಟ್ಟೇ ಸರಿ. ಕಾರಣ ಬಣ್ಣ ಮತ್ತು ಕ್ಯಾಮೆರಾ. ಎಲೆಚುಕ್ಕಿ ರೋಗದಲ್ಲಿ ಕಂದು ಚುಕ್ಕೆಯ ಸುತ್ತ ಹಳದಿ ಅಂಚು ಇದೆಯೋ ಇಲ್ಲವೋ ಎಂಬುದು ಮುಖ್ಯ. ಆ ಸೋಗೆಯ ಫೋಟೊವನ್ನು ಪುಟಕ್ಕೇ ಅಂಟಿಸಿ ಪಕ್ಕದಲ್ಲಿ ಬಾಣ ಎಳೆದು ಬರೆದರೆ ಆಮೇಲೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಸಭೆ, ತರಬೇತಿಯಲ್ಲಿ ಕೂತು ಬರೆಯುವವರು ಇ-ಇಂಕ್ ತೆಗೆದುಕೊಳ್ಳಲಿ.

ಯಾವುದೇ ತಗೊಂಡರೂ ಪೆನ್ನಿಗೆ ಚಾರ್ಜ್ ಬೇಕೇ ಎಂದು ಮೊದಲು ಕೇಳಿ. ಇಎಂಆರ್ ತಂತ್ರದ ಪೆನ್ನಿಗೆ ಬೇಡ. ಪರದೆಯ ಅಡಿಯ ಹಲಗೆಯಿಂದ ಬರುವ ಕಾಂತಕ್ಷೇತ್ರದಿಂದಲೇ ಅದಕ್ಕೆ ಶಕ್ತಿ. ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನ ಎಸ್ ಪೆನ್ ಈ ಬಗೆಯದು. ಐಪ್ಯಾಡಿನ ಆಪಲ್ ಪೆನ್ಸಿಲ್‌ಗೆ ಚಾರ್ಜ್ ಮಾಡಲೇಬೇಕು.

ಇಎಂಆರ್ ಪೆನ್ನಿನ ಇನ್ನೊಂದು ಗುಣ ನಮ್ಮ ಮಳೆಗೆ ಹೇಳಿ ಮಾಡಿಸಿದ್ದು. ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲಿಂದಲೂ ಅದು ಬರೆಯುತ್ತದೆ. ಜಿಪ್ ಇರುವ ದೊಡ್ಡ ಕವರಿನಲ್ಲಿ ಟ್ಯಾಬ್ಲೆಟ್ ಹಾಕಿ, ಗಾಳಿ ಹೊರಗೊತ್ತಿ ಮುಚ್ಚಿ, ಮೇಲಿನಿಂದ ಬರೆಯಿರಿ. ಬಿದ್ದ ಹನಿಯನ್ನು ಪರದೆ ಬೆರಳೆಂದು ತಿಳಿದು ಗೀಚುತ್ತದೆ, ಪುಟ ಸರಿಸುತ್ತದೆ. ಅದಕ್ಕೆ ಟಿಪ್ಪಣಿಯ ಆ್ಯಪ್‌ನಲ್ಲಿ ಬೆರಳಿನ ಬರಹವನ್ನು ನಿಲ್ಲಿಸಿ, ಪೆನ್ನು ಮಾತ್ರ ಬರೆಯುವಂತೆ ಇಡಿ. ಮನೆಗೆ ಬಂದ ಮೇಲೆ ಕವರಿನಿಂದ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ. ಚಾರ್ಜಿನ ತೂತು ಪೂರ್ತಿ ಒಣಗದೆ ವೈರು ಚುಚ್ಚಬೇಡಿ. ಬೇಗ ಒಣಗಲಿ ಎಂದು ಒಲೆಯ ಹತ್ತಿರ ಇಡುವುದಂತೂ ಬೇಡವೇ ಬೇಡ, ಬ್ಯಾಟರಿಗೆ ಬಿಸಿ ಆಗದು.

ಇನ್ನು ಬರೆಯುವ ಕ್ರಮ. ಆ್ಯಪ್ ಕೊಡುವ ಗೆರೆಪುಟಗಳಲ್ಲಿ ಕಿರಿದಾದವು ಕನ್ನಡಕ್ಕೆ ಸಾಲವು. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ನಮ್ಮ ಬರಹ ನಮಗೇ ಓದಲಾಗುವುದಿಲ್ಲ. ಅಗಲ ಗೆರೆಯ ಪುಟ ಆರಿಸಿ, ಪೆನ್ನಿನ ದಪ್ಪ ಒಂದು ಹಂತ ಕಡಿಮೆ ಮಾಡಿ.

ಅದಕ್ಕಿಂತ ಒಳ್ಳೆಯದು ನಿಮ್ಮದೇ ಪುಟ. ನಾನು ಪ್ರತಿ ತೋಟಕ್ಕೂ ಒಂದು ಮೂಲ ನಕ್ಷೆ ಬಿಡಿಸುತ್ತೇನೆ: ಸಾಲುಗಳು, ಬಸಿಗಾಲುವೆ, ಬಾವಿ, ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಕಡೆ, ಉತ್ತರ ದಿಕ್ಕು. ಮೇಲ್ಗಡೆ ತಾರೀಖು, ಮರದ ವಯಸ್ಸು, ಕಳೆದ ಮದ್ದಿನ ದಿನ ಎಂದು ಖಾಲಿ ಜಾಗ. ಇದನ್ನು ಪಿಡಿಎಫ್ ಮಾಡಿ ಮತ್ತೆ ಆ್ಯಪ್‌ಗೆ ತರುತ್ತೇನೆ. ಆಗ ನಕ್ಷೆ ಪುಟದ ಹಿನ್ನೆಲೆಯಾಗಿ ನಿಲ್ಲುತ್ತದೆ, ರಬ್ಬರ್ ಉಜ್ಜಿದರೆ ಮೇಲಿನ ಬರಹ ಮಾತ್ರ ಹೋಗುತ್ತದೆ. ಪ್ರತಿ ಭೇಟಿಗೆ ಆ ಖಾಲಿ ಪುಟದ ನಕಲು ತೆಗೆದು ಅದರ ಮೇಲೆ ಬರೆಯಬೇಕು. ಕೊಳೆ ಬಂದ ಮರಕ್ಕೆ ಕೆಂಪು, ಎಲೆಚುಕ್ಕಿಗೆ ಕಂದು, ನೀರು ನಿಂತ ಕಡೆ ನೀಲಿ. ಬಣ್ಣದ ಅರ್ಥ ಒಮ್ಮೆ ಗೊತ್ತು ಮಾಡಿದ ಮೇಲೆ ಬದಲಿಸಬೇಡಿ. ಜೂನ್, ಜುಲೈ, ಆಗಸ್ಟಿನ ಪುಟಗಳನ್ನು ಒಂದರ ಹಿಂದೊಂದು ತಿರುವಿದರೆ ನೀಲಿ ಇದ್ದ ಕಡೆಯಿಂದ ಕೆಂಪು ಹೇಗೆ ಹಬ್ಬಿತು ಎಂಬುದು ಕಣ್ಣಿಗೇ ಕಾಣುತ್ತದೆ. ನೋಟ್‌ಪ್ಯಾಡಿನ ನಿಜವಾದ ಲಾಭ ನನ್ನ ಮಟ್ಟಿಗೆ ಇದೇ.

ಮದ್ದಿನ ದಿನಕ್ಕೆ ಪುಟದ ತಲೆಯಲ್ಲೇ ಜಾಗ ಕೊಡಲು ಕಾರಣವಿದೆ. ಶೇಕಡಾ 1ರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, ಮುಂಗಾರು ಹಿಡಿಯುವ ಮೊದಲು ಒಮ್ಮೆ, ಆಮೇಲೆ 40–45 ದಿನಕ್ಕೆ ಮತ್ತೊಮ್ಮೆ ಗೊನೆಗೆ ಹೊಡೆಯಬೇಕು. ಮೊದಲ ತಾರೀಖು ಬರೆದಿಡದಿದ್ದರೆ ಎರಡನೆಯದು ತಪ್ಪುತ್ತದೆ.

ಕೈಬರಹದ ಕನ್ನಡವನ್ನು ಯಂತ್ರವೇ ಓದಿ ಹುಡುಕಿಕೊಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಕಡತದ ಹೆಸರನ್ನು ಟೈಪ್ ಮಾಡಿ: ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು, ತೋಟ. ‘2025-07-18 ಕೋಣಂದೂರು ಕೆಳತೋಟ’ ಅಂತಿದ್ದರೆ ಪಟ್ಟಿ ತಾನಾಗಿ ತಾರೀಖಿನ ಕ್ರಮದಲ್ಲಿ ಕೂರುತ್ತದೆ. ಕನ್ನಡ ಟೈಪಿಂಗ್ ಕಷ್ಟವೆನಿಸಿದರೆ ಜಿಬೋರ್ಡ್‌ನ ಕೈಬರಹದ ಕೀಲಿಮಣೆಯಲ್ಲಿ ಬರೆದರೂ ಅಕ್ಷರವಾಗುತ್ತದೆ.

ಆಗುಂಬೆ ಘಾಟಿಯ ಕಡೆ, ಶರಾವತಿ ಹಿನ್ನೀರಿನ ಆಚೆ ಸಿಗ್ನಲ್ ನಂಬಿ ಕೂರುವಂತಿಲ್ಲ. ಟಿಪ್ಪಣಿ ಮೊದಲು ಸಾಧನದಲ್ಲೇ ಉಳಿಯುವ ಆ್ಯಪ್ ಇರಲಿ. ಶಿವಮೊಗ್ಗಕ್ಕೆ ಬಂದಾಗ ಕ್ಲೌಡಿಗೆ ಏರಿಸಿ, ಜೊತೆಗೆ ಮೆಮೊರಿ ಕಾರ್ಡಿನಲ್ಲಿ ಪಿಡಿಎಫ್ ಪ್ರತಿ ಇಡಿ. ಆ್ಯಪ್‌ನ ಸ್ವಂತ ಕಡತ ಬೇರೆ ಕಡೆ ತೆರೆಯದೇ ಹೋಗಬಹುದು, ಪಿಡಿಎಫ್ ಎಲ್ಲಿ ಬೇಕಾದರೂ ತೆರೆಯುತ್ತದೆ. ಬೆಳೆ ಅಂದಾಜು, ಚೇಣಿಯ (ಫಸಲು ಗುತ್ತಿಗೆಯ) ದರ ಬರೆದ ಪುಟ ಆ ಮನೆಯವರದು. ಅದನ್ನು ಬೇರೆ ಕಡತದಲ್ಲಿಟ್ಟು ಬೀಗ ಹಾಕಿ. ರೋಗದ ನಕ್ಷೆ ಕಳಿಸುವಾಗ ಅದು ಜೊತೆಗೆ ಹೋಗಕೂಡದು.

ತೋಟದವರಿಗೆ ಅದೇ ಸಂಜೆ ಪುಟ ಕಳಿಸಿ. ಹಿರಿಯರಿದ್ದರೆ ಪೇಟೆಯಲ್ಲಿ ಪ್ರಿಂಟ್ ಹಾಕಿಸಿ ಕೊಡಿ, ಅವರು ಅದನ್ನು ಗೋಡೆಗೆ ಸಿಕ್ಕಿಸಿಟ್ಟು ಕೆಲಸದವರಿಗೆ ತೋರಿಸುತ್ತಾರೆ. ಕಪ್ಪು-ಬಿಳುಪು ಪ್ರಿಂಟಿನಲ್ಲಿ ಕೆಂಪು, ಕಂದು, ನೀಲಿ ಒಂದೇ ಥರ ಕಾಣುವುದರಿಂದ ಬಣ್ಣದ ಜೊತೆ ಗುರುತನ್ನೂ ಹಾಕಿ: ಕೊಳೆಗೆ ಗುಣಾಕಾರದ ಚಿಹ್ನೆ, ಎಲೆಚುಕ್ಕಿಗೆ ಚುಕ್ಕೆ, ನೀರಿಗೆ ಅಲೆಗೆರೆ.