ಅಪ್ಪನ ನೆನಪುಗಳನ್ನು ಪುಸ್ತಕ ಮಾಡುವುದು ಹೇಗೆ

ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಒಂದು ನೋಟ್‌ಬುಕ್ ಹಿಡಿದು ಅಮ್ಮನ ಮುಂದೆ ಕೂತೆ. "ಅಪ್ಪ ಹೇಗಿದ್ರು, ಹೇಳಮ್ಮ" ಎಂದೆ. "ತುಂಬ ಒಳ್ಳೆಯವರು ಕಣೇ" ಎಂದರು. ಅಷ್ಟೇ. ಕಣ್ಣು ತುಂಬಿತು, ಮಾತು ಮುಂದೆ ಹೊರಡಲಿಲ್ಲ.

ಮಾರನೇ ದಿನ ಏನೂ ಕೇಳಲಿಲ್ಲ. ಅಪ್ಪನ ವಾಚು ತಂದು ಅಮ್ಮನ ಕೈಯಲ್ಲಿಟ್ಟೆ. ಕೀ ಕೊಡುವ ಹಳೇ ವಾಚು. ಅಮ್ಮ ಅದರ ತಿರುಪನ್ನು ಎರಡು ಸಲ ತಿರುಗಿಸಿದರು. "ರಾತ್ರಿ ನೀವೆಲ್ಲ ಮಲಗಿದ ಮೇಲೆ ಇದಕ್ಕೆ ಕೀ ಕೊಡ್ತಿದ್ರು ನಿಮ್ಮಪ್ಪ. ಆ ಸದ್ದು ಕೇಳಿದ್ರೇನೇ ನಂಗೆ ನಿದ್ದೆ" ಎಂದರು. ಅವತ್ತು ಮುಕ್ಕಾಲು ಗಂಟೆ ಮಾತಾಡಿದರು.

ಅದಕ್ಕೇ ಮೊದಲು ಹೇಳುವುದು ಇದನ್ನು. ಮನುಷ್ಯನ ಬಗ್ಗೆ ಕೇಳಬೇಡಿ, ಅವರು ಮುಟ್ಟಿದ ವಸ್ತುವಿನ ಬಗ್ಗೆ ಕೇಳಿ. ಕನ್ನಡಕ, ಟಾರ್ಚು, ಮೊಳೆ ತುಂಬಿದ ಡಬ್ಬಿ, ಜೇಬಿನ ಡೈರಿ, ಏನಾದರೂ ಸರಿ. ವಸ್ತು ಇಲ್ಲದಿದ್ದರೆ ಸಣ್ಣ ಪ್ರಶ್ನೆ ಕೇಳಿ. ಕೋಪ ಬಂದರೆ ಎಲ್ಲಿ ಹೋಗಿ ಕೂರುತ್ತಿದ್ದರು? ಗೇಟು ತೆಗೆಯುವ ಸದ್ದಿನಲ್ಲೇ ಅವರು ಬಂದದ್ದು ಗೊತ್ತಾಗುತ್ತಿತ್ತಾ?

ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಎಲ್ಲರೂ ಒಟ್ಟಿಗೆ ಕೂತರೆ ಜೋರಾಗಿ ಮಾತಾಡುವವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಅಮ್ಮ ಕಂಡ ಗಂಡ, ನಾವು ಕಂಡ ಅಪ್ಪ, ಮಕ್ಕಳು ಕಂಡ ತಾತ, ಮೂವರೂ ಬೇರೆಯೇ. ನಮ್ಮ ಜೊತೆ ಚೆಸ್ ಆಡುವಾಗ ಅಪ್ಪ ಒಂದು ಸಲವೂ ಸೋತುಕೊಟ್ಟವರಲ್ಲ. ನನ್ನ ಒಂಬತ್ತು ವರ್ಷದ ಮಗ ಹೇಳಿದ್ದು ಹೀಗೆ: "ತಾತ ಸೋತರೆ ರಾಜನನ್ನ ಜೇಬಲ್ಲಿ ಹಾಕ್ಕೊಂಡು, ನನ್ನ ರಾಜ ಕಳೆದುಹೋದ ಅಂತ ಮನೆಯೆಲ್ಲ ಹುಡುಕೋರು." ನಾನು ನಂಬಲೇ ಇಲ್ಲ. ಆದರೂ ಎರಡನ್ನೂ ಬರೆದೆ, ಒಂದರ ಪಕ್ಕ ಇನ್ನೊಂದು. ಯಾವುದು ನಿಜ ಅಂತ ತೀರ್ಮಾನ ಮಾಡಲು ಹೋಗಬೇಡಿ. ಇನ್ನೂ ಚಿಕ್ಕ ಮಕ್ಕಳಾದರೆ ಕಾಗದ, ಬಣ್ಣ ಕೊಡಿ. ಬರೆಯುತ್ತಾ ತಾವೇ ಹೇಳುತ್ತಾರೆ.

ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಬಹುದು. ಮೊದಲೇ ಕೇಳಿ, ಒಪ್ಪಿದರೆ ಮಾತ್ರ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಮಧ್ಯದಲ್ಲೇ ಕರೆ ಬರುತ್ತದೆ. ಫ್ಯಾನ್ ಆರಿಸಿ. ಮೇಜು ತಟ್ಟಿದ ಸದ್ದು ಹಿಡಿಯದಂತೆ ಫೋನಿನ ಕೆಳಗೆ ಮಡಿಸಿದ ಟವೆಲ್ ಇಡಿ. ಶುರುವಿನಲ್ಲೇ ತಾರೀಖು, ಮಾತಾಡುವವರ ಹೆಸರು ಹೇಳಿ. 128 ಕೆಬಿಪಿಎಸ್ (ಧ್ವನಿಯ ಗುಣಮಟ್ಟದ ಅಳತೆ) ಎಂಪಿ3 ಫೈಲಾದರೆ ಒಂದು ಗಂಟೆಗೆ 60 ಎಂಬಿ ಆಸುಪಾಸು ಆಗುತ್ತದೆ. ಜಾಗ ಉಳಿಸಲು ಏನನ್ನೂ ಅಳಿಸಬೇಕಿಲ್ಲ. ಅವರು ಮಾತು ನಿಲ್ಲಿಸಿದರೆ ನೀವು ತಕ್ಷಣ ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಅಮ್ಮ ಹೇಳಿದ ಒಳ್ಳೊಳ್ಳೆಯ ಮಾತುಗಳೆಲ್ಲ ಆ ಮೌನದ ನಂತರ ಬಂದವು.

ಇಲ್ಲಿ ನಮ್ಮಿಂದ ಆದ ಒಂದು ತಪ್ಪು ಹೇಳಬೇಕು. ಅಪ್ಪನ ಫೋನನ್ನು ಪೂರ್ತಿ ಅಳಿಸಿ ಪರಿಚಯದವರೊಬ್ಬರಿಗೆ ಕೊಟ್ಟುಬಿಟ್ಟೆವು. ಅಪ್ಪ ಸುಮ್ನೆ ತಮಗೇ ಅಂತ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಹಾಡುಗಳು ಅದರಲ್ಲಿದ್ದವು. ನೆನಪಾದದ್ದು ಆಮೇಲೆ. ಈಗಲೂ ಹೊಟ್ಟೆ ಉರಿಯುತ್ತದೆ. ತೀರಿಕೊಂಡವರ ಫೋನ್ ನಿಮ್ಮಲ್ಲಿ ಇದ್ದರೆ ಯಾರಿಗೂ ಕೊಡಬೇಡಿ. ಸಿಮ್ ಚಾಲ್ತಿಯಲ್ಲಿಡಿ. ವಾಟ್ಸಾಪ್ ಖಾತೆ 120 ದಿನ ಬಳಸದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ, ಗೂಗಲ್ ಖಾತೆ 2 ವರ್ಷ ಮುಟ್ಟದಿದ್ದರೆ ಹೋಗಬಹುದು. ಅವರು ನಿಮಗೆ ಕಳಿಸಿದ ವಾಯ್ಸ್ ಮೆಸೇಜುಗಳನ್ನು ಇವತ್ತೇ ಬೇರೆ ಕಡೆ ಉಳಿಸಿಕೊಳ್ಳಿ. ಹಳೇ ಕ್ಯಾಸೆಟ್ ಸಿಕ್ಕರೆ, ಅದರ ಹಿಂಬದಿಯ ಅಂಚಿನಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಮುರಿಯಿರಿ. ಆಮೇಲೆ ಅದರ ಮೇಲೆ ಬೇರೆ ರೆಕಾರ್ಡ್ ಮಾಡಲು ಆಗುವುದಿಲ್ಲ.

ಫೋಟೋಗಳ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಅಚ್ಚು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋ ಕೀಳುವ ಮೊದಲು ಆ ಪುಟದ್ದೇ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ಹರಿದರೂ ಏನಾದರೂ ಉಳಿಯುತ್ತದೆ. ಬಿಗಿಯಾಗಿ ಅಂಟಿದ್ದರೆ ಎಳೆಯಲೇಬೇಡಿ. ಸ್ಕ್ಯಾನ್ ಮಾಡಲು 300 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಸಾಕು, ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೋಗೆ 600 ಇಡಿ, ದೊಡ್ಡದು ಮಾಡಿದಾಗ ಮುಖ ಒಡೆಯುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಕಾಗದಪತ್ರಗಳಿಗೆ ಲ್ಯಾಮಿನೇಶನ್ ಬೇಡವೇ ಬೇಡ. ಎಲ್ಲದರದ್ದೂ ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿ.

ಬರೆಯಲು ಕೂತಾಗ ಹುಟ್ಟಿದ ತಾರೀಖಿನಿಂದ ಶುರು ಮಾಡಬೇಡಿ. ತಾರೀಖುಗಳಿಗೆ ಕೊನೆಯಲ್ಲಿ ಒಂದು ಪುಟ ಸಾಕು. ಅಂಕಪಟ್ಟಿ, ಕೆಲಸದ ಕಾಗದ ನೋಡಿ ಅವನ್ನು ತಾಳೆ ಮಾಡಿ, ವರ್ಷಗಳ ವಿಷಯದಲ್ಲಿ ಎಲ್ಲರ ನೆನಪೂ ಹಿಂದೆ ಮುಂದೆ ಆಗುತ್ತದೆ. ನಾನು ವಾಚಿನಿಂದ ಶುರು ಮಾಡಿದೆ.

ಕಷ್ಟದ ವಿಷಯ ಬಂದೇ ಬರುತ್ತದೆ, ಅಲ್ವಾ? ನನ್ನ ತಮ್ಮ ಓದು ಬಿಟ್ಟಾಗ ಅಪ್ಪ ಎಂಟು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದರು. ಒಂದು ಬೆಳಿಗ್ಗೆ ಅವನ ಕಿತ್ತುಹೋದ ಚಪ್ಪಲಿ ಬಾಗಿಲ ಬಳಿ ಇತ್ತು. ಅಪ್ಪನೇ ಹೊಲಿದು ಇಟ್ಟಿದ್ದರು. ಅಂದಿನಿಂದ ಮಾತು ಶುರುವಾಯಿತು. ಚಪ್ಪಲಿಯದ್ದು ಮಾತ್ರ ಬರೆ ಅಂದರು ಕೆಲವರು. ಆ ಎಂಟು ತಿಂಗಳು ಬಿಟ್ಟರೆ ಚಪ್ಪಲಿಗೆ ಅರ್ಥವೇ ಇಲ್ಲ. ತಮ್ಮನನ್ನೇ ಕೇಳಿದೆ. "ಎರಡೂ ಬರಿ ಅಕ್ಕ" ಎಂದ. ಹೀಗೆ, ನೋವು ಉಂಡವರನ್ನು ಕೇಳಿ ಬರೆಯಿರಿ. ಅವರು ಬೇಡ ಅಂದರೆ ಬೇಡ.

ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಹೆಂಡತಿಯಾಗಿದ್ದವರಿಗೆ ಗಟ್ಟಿಯಾಗಿ ಓದಿ ಹೇಳಿ. ದಿನಕ್ಕೆ ನಾಲ್ಕೈದು ಪುಟ, ಜಾಸ್ತಿ ಬೇಡ. ಏನನ್ನಾದರೂ ತೆಗಿ ಅಂದರೆ ಕಾರಣ ಕೇಳದೆ ತೆಗೆಯಿರಿ. ಅಮ್ಮ ಎರಡು ಪ್ಯಾರಾ ತೆಗೆಸಿದರು. ಯಾವುವು ಅಂತ ನಾನು ಯಾರಿಗೂ ಹೇಳಿಲ್ಲ.

ಅಕ್ಷರ ದೊಡ್ಡದಿರಲಿ, 16 ಪಾಯಿಂಟ್ ಆದರೆ ವಯಸ್ಸಾದವರು ಸಲೀಸಾಗಿ ಓದುತ್ತಾರೆ. ಕೊನೆಯಲ್ಲಿ ಹತ್ತು ಖಾಲಿ ಪುಟ ಬಿಡಿಸಿ, ಪುಸ್ತಕದ ಜೊತೆ ಒಂದು ಪೆನ್ಸಿಲ್ ಇಡಿ. ನಮ್ಮನೆ ಪ್ರತಿಯಲ್ಲಿ ಮೂರನೇ ವಾರಕ್ಕೆ ಅಮ್ಮನ ಕೈಬರಹ ಕಂಡಿತು: "ಪೊಟ್ಟಣದ ದಾರ ಯಾರಾದರೂ ಕತ್ತರಿಸಿದರೆ ಇವರಿಗೆ ಆಗುತ್ತಿರಲಿಲ್ಲ. ಗಂಟು ಬಿಚ್ಚಿಯೇ ತೆಗೆಯಬೇಕಿತ್ತು."